ನನ್ನ ಹಳೆ ಕಂಪ್ಯೂಟರ್ ಬಂದ್ ಬೀಳೋದು ನಿಂತಿದ್ದು ಹೇಗೆ

ಕಲಬುರಗಿಯ ನೆಹರು ಗಂಜ್ ಹತ್ತಿರ ನನ್ನದೊಂದು ಚಿಕ್ಕ ಟೈಪಿಂಗ್ ಅಂಗಡಿ ಇದೆ. ಅರ್ಜಿ, ಬಾಂಡ್, ಅಡತಿಯವರ ಬಿಲ್ಲು, ದಿನವಿಡೀ ಇದೇ ಕೆಲಸ. ಕಂಪ್ಯೂಟರ್ 2012ರದ್ದು. ಊರಿನ ಹೆಸರು ಇನ್ನೂ ಗುಲ್ಬರ್ಗಾ ಅಂತಿದ್ದಾಗ ಜೋಡಿಸಿದ್ದು. ಐ3 ಪ್ರೊಸೆಸರ್, 2 ಜಿಬಿಯ ಎರಡು ಮೆಮೊರಿ ಸ್ಟಿಕ್, ಅಂದರೆ ರ‍್ಯಾಮ್. ನುಡಿ ಅನ್ನೋ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ ಪ್ರಿಂಟ್ ತೆಗೆಯೋಕೆ ಇವತ್ತಿಗೂ ಧಾರಾಳವಾಗಿ ಸಾಕು.

ಹೋದ ಜನವರಿಯಿಂದ ಅದು ಕೈಕೊಡೋಕೆ ಶುರು ಮಾಡಿತು. ಒಮ್ಮೆ ನೀಲಿ ಪರದೆ. ಒಮ್ಮೆ ಮೌಸ್ ಸಮೇತ ಎಲ್ಲ ಹ್ಯಾಂಗ್. ಒಮ್ಮೆ ಸುಮ್ನೆ ಆಫ್ ಆಗಿ ತಾನೇ ಆನ್ ಆಗೋದು. ಸರದಿಯಲ್ಲಿ ಕೂತ ರೈತರು "ಮತ್ತ ಬಂದ್ ಬಿತ್ತೇನ್ರಿ ಅಣ್ಣಾರ?" ಅಂದಾಗ ಜೀವ ಹಿಂಡಿದ ಹಾಗಾಗುತ್ತಿತ್ತು. ರಿಪೇರಿಯವರೊಬ್ಬರು ಬಂದು, "ಮದರ್‌ಬೋರ್ಡ್ ಹೋಗ್ಯಾದ, ಹೊಸಾದು ತಗೋರಿ" ಅಂದರು. ಒಂದು ಸ್ಕ್ರೂ ಕೂಡ ಬಿಚ್ಚದೆ ಹೇಳಿದ ಮಾತನ್ನು ನಾನು ಒಪ್ಪಲಿಲ್ಲ.

ಒಂದು ನೋಟ್‌ಬುಕ್ ಇಟ್ಟೆ. ಎಷ್ಟು ಹೊತ್ತಿಗೆ ಕೆಟ್ಟಿತು, ಆಗ ಏನು ಮಾಡ್ತಿದ್ದೆ, ಪರದೆ ಮೇಲೆ ಏನು ಬಂತು, ಅಷ್ಟೇ. ವಿಂಡೋಸ್‌ನ ನಡೆದದ್ದನ್ನು ದಾಖಲಿಸೋ ಈವೆಂಟ್ ವ್ಯೂವರ್‌ನಲ್ಲಿ ಪ್ರತಿ ಸಲ "ಕರ್ನಲ್ ಪವರ್ 41" ಅಂತ ಇರುತ್ತಿತ್ತು. ಸರಿಯಾಗಿ ಶಟ್‌ಡೌನ್ ಆಗದೆ ನಿಂತಿದೆ ಅನ್ನೋದನ್ನು ಅದು ಹೇಳುತ್ತದೆ, ಯಾಕೆ ಅನ್ನೋದನ್ನು ಹೇಳಲ್ಲ.

ಮೊದಲು ಕ್ಯಾಬಿನೆಟ್ ಬಿಚ್ಚಿದೆ. ಪ್ರೊಸೆಸರ್ ಫ್ಯಾನ್ ಕೆಳಗಿನ ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಧೂಳು ಕಂಬಳಿಯ ಹಾಗೆ ಕೂತಿತ್ತು. ತೊಗರಿ ಹೊಟ್ಟಿನ ಬಣ್ಣವೇ ಅದಕ್ಕೆ. ಬ್ರಶ್, ಬ್ಲೋವರ್ ಹಿಡಿದು ತೆಗೆದೆ. ಪ್ರೊಸೆಸರ್ ಬಿಸಿಯನ್ನು ಆ ಪಟ್ಟಿಗಳಿಗೆ ದಾಟಿಸೋ, ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ. 88 ಡಿಗ್ರಿ ಇದ್ದ ಬಿಸಿ 62ಕ್ಕೆ ಇಳಿಯಿತು. ತಾರೀಖು ಹಿಂದೆ ಹೋಗುತ್ತಿದ್ದುದಕ್ಕೆ ಮದರ್‌ಬೋರ್ಡ್‌ನ ಸೆಲ್ ಬದಲಿಸಿದೆ. ಆದರೂ ಬಂದ್ ಬೀಳೋದು ನಿಲ್ಲಲಿಲ್ಲ.

ನೀಲಿ ಪರದೆಯ ಕೋಡ್ ಪ್ರತಿ ಸಲ ಬೇರೆ ಬೇರೆ. ಹಾಗಿದ್ದರೆ ಮೊದಲ ಅನುಮಾನ ರ‍್ಯಾಮ್ ಮೇಲೆ. ಪೆನ್‌ಡ್ರೈವ್‌ನಲ್ಲಿ ಮೆಮೊರಿ ಪರೀಕ್ಷಿಸೋ ಮೆಮ್‌ಟೆಸ್ಟ್ ಹಾಕಿ ರಾತ್ರಿಯಿಡೀ ಓಡಿಸಿದೆ. ಬೆಳಿಗ್ಗೆ ಪರದೆ ತುಂಬ ಕೆಂಪು ಸಾಲು. ಎರಡೂ ಸ್ಟಿಕ್‌ಗಳ ಲೋಹದ ಕಾಲುಗಳನ್ನು ರಬ್ಬರ್‌ನಿಂದ ಉಜ್ಜಿ, ಒಂದೊಂದನ್ನೇ ಒಂದೇ ಸ್ಲಾಟ್‌ನಲ್ಲಿ ಹಾಕಿ ಪರೀಕ್ಷಿಸಿದೆ. ಒಂದು ಸ್ವಚ್ಛವಾಗಿತ್ತು. ಇನ್ನೊಂದು ಯಾವ ಸ್ಲಾಟ್‌ಗೆ ಹಾಕಿದರೂ ತಪ್ಪು ತೋರಿಸಿತು. ಅದನ್ನು ತೆಗೆದಿಟ್ಟ ಮೇಲೆ ನೀಲಿ ಪರದೆ ಮತ್ತೆ ಬರಲಿಲ್ಲ, ಹ್ಯಾಂಗ್ ಕೂಡ ಆಗಲಿಲ್ಲ.

ತಾನೇ ಆಫ್ ಆಗೋದು ಮಾತ್ರ ಉಳಿಯಿತು. ಅಂದರೆ ಎರಡು ರೋಗ ಒಟ್ಟಿಗೆ ಸೇರಿದ್ದವು! ಅದಕ್ಕೇ ಅಷ್ಟು ದಿನ ತಲೆ ಕೆಟ್ಟಿದ್ದು.

ಮತ್ತೆ ನೋಟ್‌ಬುಕ್ ತೆಗೆದೆ. ಉಳಿದ ಸಾಲುಗಳಲ್ಲಿ ಬೆಳಿಗ್ಗೆ ಹತ್ತರ ಸುಮಾರು, ಮಧ್ಯಾಹ್ನ ಊಟದ ನಂತರ ಇವೇ ಜಾಸ್ತಿ. ಭಾನುವಾರ ಒಂದೂ ಇಲ್ಲ. ಮರುದಿನ ಕಿವಿಗೊಟ್ಟು ಕೂತೆ. ಪಕ್ಕದ ದಾಲ್‌ಮಿಲ್‌ನಲ್ಲಿ ದೊಡ್ಡ ಮೋಟಾರ್ ಶುರುವಾಗುತ್ತಿದ್ದಂತೆ ಟ್ಯೂಬ್‌ಲೈಟ್ ಮಂಕಾಯಿತು. ಯುಪಿಎಸ್ ಟಕ್ ಅಂತು. ಆ ಕ್ಷಣಕ್ಕೇ ಕಂಪ್ಯೂಟರ್ ಆಫ್! ಜನವರಿ ಅಂದರೆ ಹೊಸ ತೊಗರಿ ಬರೋ ಕಾಲ, ಮಿಲ್‌ಗಳಿಗೆ ಬಿಡುವೇ ಇರಲ್ಲ.

ಯುಪಿಎಸ್ ಬ್ಯಾಟರಿ ಹೋಗಿದೆಯೇನೋ ಅಂತ 100 ವ್ಯಾಟ್ ಬಲ್ಬ್ ಹಾಕಿ ಪ್ಲಗ್ ಕಿತ್ತೆ. ಹತ್ತು ನಿಮಿಷ ಉರಿಯಿತು. ಅದು ಚೆನ್ನಾಗಿದೆ. ಉಳಿದದ್ದು ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರ್ ಒಳಗಿನ ಭಾಗಗಳಿಗೆ ಕರೆಂಟ್ ಕೊಡೋ ಡಬ್ಬಿ. ಯುಪಿಎಸ್ ಬ್ಯಾಟರಿಗೆ ಬದಲಾಗೋಕೆ ಕೆಲವು ಮಿಲಿಸೆಕೆಂಡ್ ಹಿಡಿಯುತ್ತದೆ. ಅಷ್ಟು ಹೊತ್ತು ಎಸ್‌ಎಂಪಿಎಸ್‌ನ ಕೆಪಾಸಿಟರ್‌ನಲ್ಲಿ ಉಳಿದ ಚಾರ್ಜ್ ಕಂಪ್ಯೂಟರ್‌ನ್ನು ಹಿಡಿದಿಡಬೇಕು. ಒಳ್ಳೆಯದಾದರೆ 16 ಮಿಲಿಸೆಕೆಂಡ್ ತಡೆಯುತ್ತದೆ. ನಮ್ಮ ಕಡೆಯ ಬೇಸಿಗೆ ಗೊತ್ತಲ್ವಾ? ಅಂಥ ಬಿಸಿಯಲ್ಲಿ ವರ್ಷಗಟ್ಟಲೆ ಬೆಂದ ಕೆಪಾಸಿಟರ್ ಒಣಗಿ ಶಕ್ತಿ ಕಳೆದುಕೊಳ್ಳುತ್ತದೆ. ಮೀಟರ್ ಹಿಡಿದು, 12 ವೋಲ್ಟ್ ಬರಬೇಕಾದ ಹಳದಿ ವೈರ್ ನೋಡಿದೆ. ಸುಮ್ನಿದ್ದಾಗ 11.8 ವೋಲ್ಟ್, ಕೆಲಸ ಹೆಚ್ಚಾದಾಗ 11.3. 11.4ಕ್ಕಿಂತ ಕೆಳಗೆ ಇಳಿಯಬಾರದು.

ಪಕ್ಕದ ಝೆರಾಕ್ಸ್ ಅಂಗಡಿಯ ಕಾಕಾ ಅವರ ಕಂಪ್ಯೂಟರ್‌ನಿಂದ ಎಸ್‌ಎಂಪಿಎಸ್ ಒಂದು ದಿನದ ಮಟ್ಟಿಗೆ ಕೇಳಿ ತಂದೆ. ಹಳೆಯದರಲ್ಲಿ ಐದು ಸಲ ಯುಪಿಎಸ್ ಪ್ಲಗ್ ಕಿತ್ತರೆ ಮೂರು ಸಲ ಆಫ್ ಆಗಿತ್ತು. ಇದರಲ್ಲಿ ಹತ್ತು ಸಲ ಕಿತ್ತರೂ ಕರ್ಸರ್ ಮಿನುಗುತ್ತಲೇ ಇತ್ತು. ಹೊಸ ಎಸ್‌ಎಂಪಿಎಸ್ ಕೊಂಡೆ. ಯುಪಿಎಸ್‌ಗೇ ಸಿಕ್ಕಿಸಿದ್ದ ಲೇಸರ್ ಪ್ರಿಂಟರ್ ಬಿಡಿಸಿ ಗೋಡೆ ಪ್ಲಗ್‌ಗೆ ಹಾಕಿದೆ. ಒಳಗಿನ ಹೀಟರ್ ಬಿಸಿಯಾಗುವಾಗ ಅದು ಸಿಕ್ಕಾಪಟ್ಟೆ ಕರೆಂಟ್ ಎಳೆಯುತ್ತದೆ. ಅದನ್ನು ಸಣ್ಣ ಯುಪಿಎಸ್‌ಗೆ ಹಾಕಲೇಬಾರದು.

ಒಂದು ಮಾತು. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ನಷ್ಟು ಉಳಿದಿರಬಹುದು. ಜೀವಕ್ಕೆ ಅಪಾಯ.

ಹಳೆ ಎಸ್‌ಎಂಪಿಎಸ್ ಮೇಲೂ ಆ ರ‍್ಯಾಮ್ ಮೇಲೂ ಮಾರ್ಕರ್‌ನಲ್ಲಿ "ಕೆಟ್ಟಿದೆ" ಅಂತ ಬರೆದಿಟ್ಟಿದ್ದೇನೆ. ನಾನಿಲ್ಲದಾಗ ಅಂಗಡಿ ನೋಡಿಕೊಳ್ಳೋ ತಮ್ಮ, ಪಾಪ, ಗೊತ್ತಿಲ್ಲದೆ ಅವನ್ನೇ ಮತ್ತೆ ಹಾಕಿಬಿಟ್ಟಾನು.