"ನೋಡುವ" ಅಂತ ಹೇಳುದನ್ನ ಬಿಟ್ಟು ಇವತ್ತಿನ ದಿನವನ್ನ ಹಿಡ್ಕೊಳ್ಳುದು ಹೇಗೆ

ನಾವು ಮಂಗಳೂರು ಕಡೆಯವರು ದಿನಕ್ಕೆ ಎಷ್ಟು ಸಲ "ಸಾವು" ಅಂತ ಹೇಳ್ತೇವೆ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. ಬಸ್ಸು ಬರ್ಲಿಲ್ಲ, ಎಂತ ಸಾವು. ನೆಟ್‌ವರ್ಕ್ ಇಲ್ಲ, ಇದೊಂದು ಸಾವು. ಪಂಪ್‌ವೆಲ್‌ನಲ್ಲಿ ಬ್ಲಾಕ್, ಎಂತ ಸಾವು ಮಾರಾಯ್ರೆ. ಇಷ್ಟು ಸಲೀಸಾಗಿ ಬಾಯಿಗೆ ಬರುವ ಶಬ್ದ ನಿಜವಾದ ಸಾವು ಆದಾಗ ಮಾತ್ರ ಹೊರಗೆ ಬರುದಿಲ್ಲ, ಆಗ ಸ್ವರ ತಗ್ಗಿಸಿ "ಹೋಗಿಬಿಟ್ರಂತೆ" ಅಂತ ಹೇಳ್ತೇವೆ. ಆದ್ರೆ ನನ್ನ ಪ್ರಕಾರ ನಮ್ಮ ಊರಿನ ಡೇಂಜರ್ ಶಬ್ದ ಸಾವು ಅಲ್ಲ, "ನೋಡುವ", ಅಂದ್ರೆ ನೋಡೋಣ.

ಒಂದಿನ ಮನೆಗೆ ಬನ್ನಿ ಅಂದ್ರೆ "ಆಯ್ತು, ನೋಡುವ". ಯಕ್ಷಗಾನ ಆಟ ನೋಡ್ಲಿಕ್ಕೆ ಹೋಗುವನಾ ಅಂದ್ರೆ "ಬರುವ ವಾರ ನೋಡುವ". ಬೇಡ ಅಂತ ಹೇಳ್ಲಿಕ್ಕೆ ದಾಕ್ಷಿಣ್ಯ, ಹೌದು ಅಂತ ಹೇಳ್ಲಿಕ್ಕೆ ಉದಾಸೀನ, ಎರಡರ ಮಧ್ಯೆ ಈ ನೋಡುವ.

ನನ್ನ ಒಬ್ಬ ದೋಸ್ತಿ ಇದ್ದ, ಪಿಯುಸಿಯಿಂದ ಒಟ್ಟಿಗೆ ಇದ್ದವ. ಒಂದು ಜುಲೈಯಲ್ಲಿ ಹಂಪನಕಟ್ಟೆಯಲ್ಲಿ ಜೋರು ಮಳೆ ಬಂದಾಗ ನನ್ನ ಕೊಡೆ ತಕೊಂಡು ಹೋದ, ಬರುವ ವಾರ ತಂದು ಕೊಡ್ತೇನೆ, ಹಾಗೇ ಕೂತು ಚಾ ಕುಡಿಯುವ ಅಂದ. ಬರುವ ವಾರ ನನಗೆ ಕೆಲಸ, ಅದರ ಮುಂದಿನ ವಾರ ಅವನಿಗೆ ಎಂತದೋ ಗೃಹಪ್ರವೇಶ, ಹೀಗೆ ಮೂರು ತಿಂಗಳು ನೋಡುವ ನೋಡುವ ಅಂತಲೇ ಮೆಸೇಜ್ ಮಾಡಿದ್ದು, ಮನೆಗೆ ಮನೆಗೆ ಬರೀ ಆರು ಕಿಲೋಮೀಟರ್. ಒಂದು ಸೋಮವಾರ ಬೆಳಿಗ್ಗೆ ಬಾತ್‌ರೂಮಲ್ಲಿ ಬಿದ್ದವ ಏಳ್ಲಿಲ್ಲ, ಹಾರ್ಟ್ ಅಂತ ಹೇಳಿದ್ರು, 43 ವರ್ಷ. ಬೊಜ್ಜದ, ಅಂದ್ರೆ ಉತ್ತರಕ್ರಿಯೆಯ, ಊಟ ಮುಗಿಸಿ ಕೈ ತೊಳ್ದು ಹೊರಡುವಾಗ ಅವನ ಹೆಂಡತಿ ಒಳಗಿನಿಂದ ಕೊಡೆ ತಂದು ಕೊಟ್ರು. ಒಣಗಿಸಿ, ಮಡಚಿ, ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದ. "ಇದು ನಿಮ್ಮದಂತೆ, ಕೊಡ್ಬೇಕು ಕೊಡ್ಬೇಕು ಅಂತ ಹೇಳ್ತಿದ್ರು" ಅಂದ್ರು. ಕೊಡೆ ಈಗಲೂ ಉಂಟು, ಮಳೆಗೆ ಬೇರೆ ಕೊಡೆ ಹಿಡೀತೇನೆ.

ಅದರ ನಂತರ ನಾನು ಸ್ವಲ್ಪ ಬೇರೆ ತರ ಬದುಕ್ಲಿಕ್ಕೆ ಟ್ರೈ ಮಾಡ್ತಿದ್ದೇನೆ, ಕೆಲವು ವರ್ಕ್ ಆಯ್ತು ಕೆಲವು ಆಗ್ಲಿಲ್ಲ. ವರ್ಕ್ ಆದದ್ದನ್ನ ಹೇಳ್ತೇನೆ.

ಮೊದಲು ಒಂದು ಬೇಡದ ಮಾತು ತೆಗೆದು ಬಿಸಾಡುವ. ಪ್ರತಿ ದಿನವನ್ನೂ ಕೊನೆಯ ದಿನ ಅಂತ ಬದುಕಿ ಅಂತ ಹೇಳ್ತಾರಲ್ಲ, ಅದು ಆಗುವ ಹೋಗುವ ವಿಷಯ ಅಲ್ಲ. ನಿಜವಾಗಿ ಇವತ್ತೇ ಕೊನೆ ಅಂತಾದ್ರೆ ಮೆಸ್ಕಾಂ ಕರೆಂಟ್ ಬಿಲ್ ಕಟ್ಟುದು ಯಾರು, ದೋಸೆಗೆ ಅಕ್ಕಿ ನೆನೆ ಹಾಕುದು ಯಾರು? ಬದುಕು ಚಿಕ್ಕದು ಅಂತ ಹೇಳಿ ಸಾಲ ಮಾಡಿ ಫಾರಿನ್ ಟೂರ್ ಹೋಗಿ ಮೂರು ವರ್ಷ ಇಎಂಐ ಕಟ್ಟುವವರನ್ನೂ ನೋಡಿದ್ದೇನೆ, ಅವರ ಮುಖದಲ್ಲಿ ಅಂಥ ಖುಷಿ ಏನೂ ಕಾಣ್ಲಿಲ್ಲ. ಕೊನೆ ದಿನ ಅಂತ ಅಲ್ಲ, ಲೆಕ್ಕದ ದಿನ ಅಂತ ಇಟ್ಕೊಳ್ಳಿ. ಲೆಕ್ಕ ಹಾಕ್ಲಿಕ್ಕೆ ನಮ್ಮ ಊರಲ್ಲೇ ಒಳ್ಳೆ ಅಳತೆಕೋಲು ಉಂಟು.

ಉಡುಪಿ ಪರ್ಯಾಯ ತಕೊಳ್ಳಿ, ಅಂದ್ರೆ ಕೃಷ್ಣನ ಪೂಜೆಯನ್ನ ಮಠಗಳು ಸರದಿಯಲ್ಲಿ ಮಾಡುದು. ಎಂಟು ಮಠ, ಒಂದೊಂದಕ್ಕೆ ಎರಡು ವರ್ಷ, ಅಂದ್ರೆ ಒಂದೇ ಮಠದ ಸರದಿ ಪುನಃ ಬರ್ಲಿಕ್ಕೆ 16 ವರ್ಷ. 2026ರ ಜನವರಿ 18ಕ್ಕೆ ಶೀರೂರು ಮಠದ್ದು ಶುರು, ಅದೇ ಮಠದ್ದು ಇನ್ನು 2042ಕ್ಕೆ. ನನಗೀಗ 44, ಆಗ 60. ಅದರ ಮುಂದಿನದ್ದು 2058, ಆಗ 76. ನನ್ನ ಅಪ್ಪ ಹೋದದ್ದು 71ಕ್ಕೆ. ಅಂದ್ರೆ ಒಂದು ಸಿಗ್ಬಹುದು, ಎರಡು ಸಿಕ್ಕಿದ್ರೆ ಲಾಭ ಅಂತ ಇಟ್ಕೊಳ್ಬೇಕಷ್ಟೆ. ಪೇಜಾವರದ ವಿಶ್ವೇಶ ತೀರ್ಥ ಸ್ವಾಮಿಗಳು 1952, 1968, 1984, 2000, 2016 ಹೀಗೆ ಐದು ಪರ್ಯಾಯ ಮಾಡಿದವರು, ಅದು ಅಪರೂಪದ ದಾಖಲೆ, ಅಂಥ ದೀರ್ಘ ಆಯುಷ್ಯದಲ್ಲೂ ಲೆಕ್ಕ ಒಂದು ಕೈಯ ಬೆರಳಿಗೆ ಮುಗೀತು ನೋಡಿ. ಇನ್ನೂ 30 ವರ್ಷ ಉಂಟು ಅಂತ ಹೇಳಿದ್ರೆ ಬೇಕಾದಷ್ಟು ಉಂಟು ಅಂತ ಕಾಣ್ತದೆ, ಎರಡು ಪರ್ಯಾಯ ಅಂತ ಹೇಳಿದ್ರೆ ಎದೆ ಸ್ವಲ್ಪ ಜುಂ ಅಂತದೆ.

ಇದೇ ಲೆಕ್ಕವನ್ನ ಮನುಷ್ಯರಿಗೆ ಹಾಕಿ. ನೀವು ಬೆಂಗಳೂರಲ್ಲೋ ದುಬೈಯಲ್ಲೋ ಇದ್ದೀರಿ, ಅಮ್ಮ ಕುಂದಾಪುರದಲ್ಲೋ ಮೂಡುಬಿದಿರೆಯಲ್ಲೋ ಇದ್ದಾರೆ, ಅಮ್ಮನಿಗೆ 70 ಅಂತ ಇಟ್ಕೊಳ್ಳುವ. ವರ್ಷಕ್ಕೆ ಎರಡು ಸಲ ಬರ್ತೀರಿ, ಬಂದ್ರೆ ನಾಲ್ಕು ದಿನ, ವರ್ಷಕ್ಕೆ 8 ದಿನ. ಅಮ್ಮ ಇನ್ನು ಹತ್ತು ವರ್ಷ ಗಟ್ಟಿ ಇರ್ತಾರೆ ಅಂದ್ರೂ 80 ದಿನ ಆಯ್ತು. ಒಂದು ಮಳೆಗಾಲದಷ್ಟೂ ಇಲ್ಲ. ಅದರಲ್ಲಿ ಒಂದು ದಿನ ಯಾರದ್ದೋ ಮದುವೆ, ಒಂದು ದಿನ ದೋಸ್ತಿಗಳ ಒಟ್ಟಿಗೆ ಮಲ್ಪೆ, ಉಳಿದದ್ದರಲ್ಲಿ ಅರ್ಧ ಮೊಬೈಲ್. ಇದನ್ನ ಒಮ್ಮೆ ಕಾಗದದಲ್ಲಿ ಬರೆದು ನೋಡಿ, ಮತ್ತೆ ನಿಮಗೆ ಯಾರೂ ಉಪದೇಶ ಮಾಡ್ಬೇಕಾಗಿಲ್ಲ.

ಈಗ ಇದಕ್ಕೆ ಬೇಕಾದ ಸಾಮಾನು. ಡೈರಿ ಬೇಡ, ಆ್ಯಪ್ ಬೇಡ, ಅಡಿಗೆಮನೆ ಗೋಡೆಯಲ್ಲಿ ನೇತಾಡುವ ಕ್ಯಾಲೆಂಡರ್ ಸಾಕು. ಗ್ಯಾಸ್ ಸಿಲಿಂಡರ್ ಯಾವಾಗ ಹಾಕಿದ್ದು, ಹಾಲು ಯಾವತ್ತು ಬೇಡ ಹೇಳಿದ್ದು ಅಂತ ಬರೀತೇವಲ್ಲ, ಅದೇ. ರೂಲ್ ಒಂದೇ, ಯಾರಿಗಾದ್ರೂ "ನೋಡುವ" ಅಂತ ಹೇಳ್ಲಿಕ್ಕೆ ಬಾಯಿ ತೆರೆದ್ರಿ ಅಂತಾದ್ರೆ ಅಲ್ಲೇ ನಿಲ್ಲಿಸಿ ಒಂದು ತಾರೀಕು ಹೇಳ್ಬೇಕು, ಮನೆಗೆ ಬಂದು ಆ ತಾರೀಕಿನ ಚೌಕದಲ್ಲಿ ಹೆಸರು ಬರೀಬೇಕು. ತಾರೀಕು ಹೇಳ್ಲಿಕ್ಕೆ ಮನಸ್ಸಿಲ್ಲದಿದ್ರೆ "ಇಲ್ಲ, ಆಗುದಿಲ್ಲ" ಅಂತ ಹೇಳಿ. ಸುರುವಿಗೆ ಭಯಂಕರ ಕಷ್ಟ ಆಗ್ತದೆ, ಎದುರಿನವರಿಗೆ ಬೇಜಾರಾದೀತು ಅಂತ, ಆದ್ರೆ ನಿಜ ಹೇಳ್ತೇನೆ, ಮೂರು ತಿಂಗಳ ನೋಡುವಕ್ಕಿಂತ ಒಂದು ಇಲ್ಲ ಎಷ್ಟೋ ಮರ್ಯಾದೆಯದ್ದು.

ಚೌಕದಲ್ಲಿ ಮೊದಲು ಯಾರ ಹೆಸರು ಹಾಕ್ಬೇಕು? ಕಳೆದ ವರ್ಷ ನೀವು ಹೋದ ಬೊಜ್ಜಗಳನ್ನ ನೆನಪು ಮಾಡಿ. ಹತ್ತು ವರ್ಷ ಮುಖ ನೋಡದವರೂ ಬೊಜ್ಜಕ್ಕೆ ಅಂತಾದ್ರೆ ಆಫೀಸಿಗೆ ರಜೆ ಹಾಕಿ, ಕಾರು ಮಾಡ್ಕೊಂಡು, ಎರಡು ಗಂಟೆ ಪ್ರಯಾಣ ಮಾಡಿ ಬರ್ತಾರೆ, ಎಲೆ ಮುಂದೆ ಕೂತು "ಛೇ, ಒಳ್ಳೆ ಜನ, ಒಮ್ಮೆ ಬರ್ಬೇಕು ಬರ್ಬೇಕು ಅಂತ ಇತ್ತು" ಅಂತ ಹೇಳ್ತಾರೆ. ನಾನೂ ಹೇಳಿದ್ದೇನೆ. ರಜೆ ಹಾಕ್ಲಿಕ್ಕೆ ಆಗ್ತದೆ, ಕಾರು ಸಿಗ್ತದೆ, ಎಲ್ಲವೂ ಆಗ್ತದೆ, ಆದ್ರೆ ಅವರು ಇರುವಾಗ ಅಲ್ಲ. ಹಾಗಾಗಿ ನಾನು ಮಾಡಿದ್ದೆಂತ ಅಂದ್ರೆ ಯಾರ ಬೊಜ್ಜಕ್ಕೆ ಎಂತದೇ ಕೆಲಸ ಇದ್ರೂ ಬಿಟ್ಟು ಹೋಗ್ತೇನೋ ಅಂಥವರ ಹೆಸರು ಒಂದು ಚೀಟಿಯಲ್ಲಿ ಬರೆದೆ, ಹದಿನಾಲ್ಕು ಬಂತು, ತಿಂಗಳಿಗೆ ಒಬ್ಬರು ಅಂತ ಹಂಚಿದೆ. ಹೋಗಿ ಎಂತ ಮಾತಾಡುದು ಅಂತ ತಲೆಬಿಸಿ ಮಾಡ್ಬೇಡಿ, ವಯಸ್ಸಾದವರಿಗೆ ಮಾತು ಅವರ ಹತ್ರವೇ ಬೇಕಾದಷ್ಟು ಉಂಟು.

ಹೋದಾಗ ಅವರ ಸ್ವರ ರೆಕಾರ್ಡ್ ಮಾಡಿ, ಕೇಳಿ, ಹೇಳಿಯೇ ಮಾಡಿ. ಫೋಟೋ ಎಲ್ಲರ ಹತ್ರ ಸಾವಿರ ಉಂಟು, ಸ್ವರ ಯಾರ ಹತ್ರವೂ ಇಲ್ಲ. ನನ್ನ ಅಜ್ಜಿಯ ಸ್ವರ ಅಂತ ನನ್ನ ಹತ್ರ ಉಳಿದದ್ದು ಒಂದು ವಾಟ್ಸಾಪ್ ವಾಯ್ಸ್, ನಾಲ್ಕು ಸೆಕೆಂಡು, "ಇದ್ರಲ್ಲಿ ಚಾರ್ಜ್ ಇಲ್ಲ ಮಗಾ, ಮತ್ತೆ ಮಾಡು" ಅಂತ. ಕೆಸುವಿನ ಎಲೆಯ ಪತ್ರೊಡೆಗೆ ಅಕ್ಕಿ ಎಷ್ಟು ಹುಣಸೆಹುಳಿ ಎಷ್ಟು ಅಂತ ಅವರ ಬಾಯಲ್ಲೇ ಕೇಳಿ ಇಟ್ಕೊಂಡಿದ್ರೆ ಎಂತ ಖರ್ಚಿತ್ತು, ಈಗ ನಮ್ಮ ಮನೆಯ ಪತ್ರೊಡೆ ತಿಂದ್ರೆ ಗಂಟಲು ತುರಿಸ್ತದೆ.

ಪತ್ರೊಡೆ ಅಂದಾಗ ನೆನಪಾಯ್ತು, ತಿನ್ನುವ ವಿಷಯವನ್ನೂ ಕ್ಯಾಲೆಂಡರಿಗೆ ಹಾಕಿ, ಇದು ಈ ಗೈಡಿನಲ್ಲಿ ನನಗೆ ಅತೀ ಇಷ್ಟದ ಭಾಗ. ನಮ್ಮ ಊರಲ್ಲಿ ಒಂದೊಂದು ರುಚಿಗೆ ವರ್ಷದಲ್ಲಿ ಎರಡು ಮೂರು ವಾರದ ಬಾಗಿಲು ತೆರೀತದೆ, ಮತ್ತೆ ಬಂದ್. ಮೇ ತಿಂಗಳಲ್ಲಿ ಕಾಟು (ಕಾಡು) ಮಾವಿನಹಣ್ಣಿನ ಸಾರು, ಗೊರಟು ಚೀಪಿ ಮೊಣಕೈವರೆಗೆ ರಸ ಇಳೀಬೇಕು. ಮೊದಲ ಗುಡುಗು ಮಳೆಗೆ ಕಲ್ಲಣಬೆ. ಆಟಿಯಲ್ಲಿ, ಅಂದ್ರೆ ಜುಲೈ ಆಗಸ್ಟಿನ ತುಳು ತಿಂಗಳಲ್ಲಿ, ಪತ್ರೊಡೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳಿಗೆ ರಜೆ, ಮತ್ತೆ ಬೋಟು ಕಡಲಿಗೆ ಇಳಿದ ಮೇಲೆ ಬರುವ ತಾಜಾ ಮೀನಿನ ಆ ಸುರುವಿನ ಪುಳಿಮುಂಚಿ, ಅಂದ್ರೆ ಹುಳಿ ಖಾರದ ಸಾರು. ಆಯಸ್ಸು ಉಂಟು ಅಂತಾದ್ರೂ ನನಗೆ ಇನ್ನು ಕಲ್ಲಣಬೆ ಸುಮಾರು 30 ಸಲ ಸಿಗ್ಬಹುದಷ್ಟೆ, ಮಳೆ ಕೈ ಕೊಟ್ರೆ ಅದೂ ಇಲ್ಲ. ಕಳೆದ ವರ್ಷ ರೇಟ್ ಕೇಳಿ ಬಿಟ್ಟು ಬಂದಿದ್ದೆ, ಈ ವರ್ಷ ಬಿಡ್ಲಿಲ್ಲ.

ಆಟಿ ಅಮಾವಾಸ್ಯೆಯ ಕಷಾಯವನ್ನೂ ಬಿಡ್ಬೇಡಿ. ಸೂರ್ಯ ಹುಟ್ಟುವ ಮೊದಲು ಹೋಗಿ ಕತ್ತಿ ಮುಟ್ಟಿಸದೆ ಕಲ್ಲಲ್ಲಿ ಜಜ್ಜಿ ಪಾಲೆ ಮರದ ಕೆತ್ತೆ (ತೊಗಟೆ) ತೆಗೆದು, ಖಾಲಿ ಹೊಟ್ಟೆಗೆ ಆ ಕಹಿ ಕುಡಿದು, ಮುಖ ಹಿಂಡಿ, ಮತ್ತೆ ಬಿಸಿ ಮೆಂತೆ ಗಂಜಿ ಉಣ್ಣುವಾಗ ಬದುಕಿದ್ದೇವೆ ಅಂತ ನಾಲಗೆಗೇ ಗೊತ್ತಾಗ್ತದೆ. ಆದ್ರೆ ಮರದ ಗುರ್ತ ಇಲ್ಲದವರು ದಯಮಾಡಿ ಕೆತ್ತೆ ತೆಗೀಲಿಕ್ಕೆ ಹೋಗ್ಬೇಡಿ, ಕಾಸರ್ಕನ ಮರದ ಕೆತ್ತೆ ಪಕ್ಕಾ ವಿಷ, ಬದುಕು ಚಿಕ್ಕದು ಅಂತ ಗೈಡ್ ಓದಿ ಅದನ್ನ ಇನ್ನೂ ಚಿಕ್ಕದು ಮಾಡ್ಕೊಂಡ್ರು ಅಂತ ಆಗುದು ಬೇಡ.

ಕಡಲು. ಮನೆಯಿಂದ ಅರ್ಧ ಗಂಟೆಯಲ್ಲಿ ಪಶ್ಚಿಮದ ಕಡಲು ಇಟ್ಕೊಂಡು ವರ್ಷಕ್ಕೆ ಎಷ್ಟು ಸಲ ಸೂರ್ಯ ಮುಳುಗುದು ನೋಡ್ತೇವೆ? ಘಟ್ಟದ ಮೇಲಿನ ನೆಂಟರು ಬಂದ್ರೆ ಮಾತ್ರ. ಇದಕ್ಕೆ ಸ್ವಲ್ಪ ಟೈಮಿಂಗ್ ಗೊತ್ತಿರ್ಬೇಕು. ನವೆಂಬರಲ್ಲಿ ಸೂರ್ಯ 6 ಗಂಟೆಗೇ ಮುಳುಗ್ತದೆ, ಆಫೀಸು ಬಿಡುವವರಿಗೆ ಸಿಗುದಿಲ್ಲ. ಜೂನ್ ಜುಲೈಯಲ್ಲಿ 7 ಗಂಟೆವರೆಗೆ ಇರ್ತದೆ, ಆದ್ರೆ ಮೋಡ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಆರೂವರೆ ದಾಟಿ, ಆಕಾಶವೂ ಕ್ಲೀನ್, ಆ ಮೂರು ತಿಂಗಳಲ್ಲಿ ವಾರಕ್ಕೊಂದು ಸಂಜೆ ಹಾಕಿಡಿ. ಪಣಂಬೂರು ಬೀಚಿನ ಜನ ಬೇಡ ಅಂತಾದ್ರೆ ಕಾಪು, ಅಲ್ಲಿ 1901ರ ದೀಪಸ್ತಂಭದ ಬಂಡೆ ಮೇಲೆ ಕೂತ್ರೆ ಗಾಳಿಗೆ ಮಾತಾಡ್ಲಿಕ್ಕೇ ಆಗುದಿಲ್ಲ, ಅದೇ ಒಳ್ಳೆದು. ಮಳೆಗಾಲದಲ್ಲಿ ದೂರ ನಿಂತು ನೋಡಿ, ನೀರಿಗೆ ಇಳೀಬೇಡಿ.

ತಣ್ಣೀರುಬಾವಿಗೆ ಹೋಗುವವರು ಕೂಳೂರಿಂದ ಹೋಗುವ ದಾರಿಯಲ್ಲಿ ಹೊಳೆ ಬದಿಯ ವಿಮಾನ ದುರಂತದ ಸ್ಮಾರಕದ ಹತ್ರ ಐದು ನಿಮಿಷ ಗಾಡಿ ನಿಲ್ಲಿಸಿ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಬಜ್ಪೆ ಏರ್‌ಪೋರ್ಟಿನ ಗುಡ್ಡದ ಮೇಲಿನ ಟೇಬಲ್ ಟಾಪ್ ರನ್‌ವೇ ದಾಟಿ ಕೆಳಗೆ ಬಿತ್ತು, 158 ಜನ ಹೋದ್ರು, 8 ಜನ ಉಳಿದ್ರು. ಕರ್ಕೊಂಡು ಹೋಗ್ಲಿಕ್ಕೆ ಅಂತ ಬಂದವರು ಏರ್‌ಪೋರ್ಟಲ್ಲಿ ಕಾಯ್ತಾ ಇದ್ರು, ಎಷ್ಟು ಮನೆಯಲ್ಲಿ ಬೆಳಗ್ಗಿನ ತಿಂಡಿಗೆ ಹಿಟ್ಟು ರೆಡಿ ಇತ್ತೋ. ಹಲವು ವರ್ಷ ಅದರ ಪಕ್ಕದಲ್ಲೇ ಐಸ್‌ಕ್ಯಾಂಡಿ ತಿಂತಾ ಬೀಚಿಗೆ ಹೋಗಿದ್ದೇನೆ ನಾನು, ನಿಲ್ಲಿಸಿದ್ದು ಮೊನ್ನೆ ಮೊನ್ನೆ.

ಬೋರ್ ಹೊಡೆಯುವ ಕೆಲಸ ಒಂದುಂಟು, ಅದನ್ನ ಮಾಡದಿದ್ರೆ ಉಳಿದದ್ದೆಲ್ಲ ಪೊಕ್ಕಡೆ, ಸುಮ್ಮನೆ ವೇಸ್ಟ್. ಕಾಗದಪತ್ರ. ದೋಸ್ತಿಯ ಹೆಂಡತಿಗೆ ಅವನ ಫೋನಿನ ಲಾಕೇ ಗೊತ್ತಿರ್ಲಿಲ್ಲ, ಇನ್ಶೂರೆನ್ಸ್ ಎಲ್ಲಿ ಉಂಟು ಅಂತ ಹುಡುಕ್ಲಿಕ್ಕೇ ಎರಡು ತಿಂಗಳು ಹೋಯ್ತು. ವರ್ಷಕ್ಕೊಮ್ಮೆ ಆಯುಧ ಪೂಜೆಗೆ ಗಾಡಿ ತೊಳೆಯುವ ದಿನವೇ ಇದನ್ನೂ ಮುಗಿಸಿ, ಎಂತೆಂತ ಎಲ್ಲೆಲ್ಲಿ ಉಂಟು ಅಂತ ಒಂದು ಪುಟ ಬರೆದು ಮನೆಯವರಿಗೆ ತೋರಿಸಿ. ಬ್ಯಾಂಕ್ ಖಾತೆಗೆ 2025ರ ನವೆಂಬರ್ 1ರಿಂದ ನಾಲ್ಕು ಜನರವರೆಗೆ ನಾಮಿನಿ ಮಾಡ್ಬಹುದು. ಆದ್ರೆ ನಾಮಿನಿ ಅಂದ್ರೆ ದುಡ್ಡು ತಕೊಳ್ಳುವವರು, ಮಾಲಕರು ಅಲ್ಲ, ಅದು ಕಾನೂನು ಪ್ರಕಾರ ವಾರಸುದಾರರಿಗೇ ಸೇರ್ಬೇಕು, ಹಾಗಾಗಿ ವಿಲ್ ಬೇಕು. ವಿಲ್‌ಗೆ ಬಿಳಿ ಕಾಗದ, ನಿಮ್ಮ ಸಹಿ, ಇಬ್ಬರು ಸಾಕ್ಷಿ ಸಾಕು, ರಿಜಿಸ್ಟರ್ ಕಡ್ಡಾಯ ಅಲ್ಲ, ಮಾಡಿದ್ರೆ ಒಳ್ಳೆದು. ಇದೆಲ್ಲ ಬರೆದ್ರೆ ಅಪಶಕುನ ಅಂತ ಅಮ್ಮ ಬೈದ್ರು. ನಾನು ಬರೆದ ರಾತ್ರಿ ಲಾಯ್ಕ ನಿದ್ದೆ ಬಂತು.

ಇನ್ನು ದಿನ ಮುಗಿದ ಮೇಲೆ ಮಾಡುದು. ರಾತ್ರಿ ಅಡಿಗೆಮನೆ ಲೈಟ್ ಆಫ್ ಮಾಡುವ ಮೊದಲು ಆ ದಿನದ ಚೌಕದಲ್ಲಿ ಎರಡು ಮೂರು ಶಬ್ದ ಬರೀರಿ, ಚೌಕ ಸಣ್ಣದಾದ ಕಾರಣ ಜಾಸ್ತಿ ಬರೀಲಿಕ್ಕೆ ಆಗುದೇ ಇಲ್ಲ, ಅದೇ ಅದರ ಗುಣ. ನನ್ನದು ಹೀಗಿರ್ತದೆ: "ಕಂಡಕ್ಟರ್ ಚಿಲ್ಲರೆ ಕೊಟ್ಟ". "ಕರೆಂಟಿಲ್ಲ, ಮಿಂಚುಹುಳ". "ಅಮ್ಮ ಜೋರು ನಕ್ಕರು". ಜ್ವರ ಬಂದ ದಿನ, ಯಾರ ಹತ್ರವೋ ಜಗಳ ಆದ ದಿನ, ಏನೂ ಬರೀಲಿಕ್ಕೆ ಇರುದಿಲ್ಲ, ಖಾಲಿ ಬಿಡಿ, ಒತ್ತಾಯದಲ್ಲಿ ಒಳ್ಳೆದು ಹುಡುಕ್ಬೇಡಿ. ಕಳೆದ ವರ್ಷ ನನ್ನದು ಖಾಲಿ ಬಿದ್ದದ್ದು ಬೇಕಾದಷ್ಟು ಉಂಟು, ಒಂದು ತಿಂಗಳಂತೂ ಗ್ಯಾಸ್ ಸಿಲಿಂಡರ್ ಬಿಟ್ರೆ ಎಂತದೂ ಇಲ್ಲ. ಮತ್ತೆ, ವರ್ಷ ಮುಗಿದ ಮೇಲೆ ಕ್ಯಾಲೆಂಡರನ್ನ ಕಪಾಟಿಗೆ ಹಾಸ್ಲಿಕ್ಕೆ ತಕೊಳ್ಬೇಡಿ, ಸುತ್ತಿ ಇಡಿ.

ಈ ಗುರುವಾರದ ಚೌಕದಲ್ಲಿ "ದೊಡ್ಡಮ್ಮ, ಕಾಪು" ಅಂತ ಉಂಟು. 81 ವರ್ಷ, ನಾನು ಹೋಗದೆ ಎರಡು ವರ್ಷ ಆಯ್ತು. ನಿನ್ನೆ ಫೋನ್ ಮಾಡಿ ದಿನ ಹೇಳಿದೆ, ಸಂಜೆ ಬರ್ತೇನೆ ಅಂತ. "ಸಂಜೆ ಎಂತಕ್ಕೆ, ಊಟಕ್ಕೇ ಬಾ. ಬರುವಾಗ ಬಂಗುಡೆ ತಾ, ಕಿವಿ ಎತ್ತಿ ನೋಡಿ ತಾ, ಆವತ್ತು ತಂದ ಹಾಗಿನದ್ದು ಬೇಡ" ಅಂದ್ರು. ಎರಡು ವರ್ಷದ ಹಿಂದಿನ ಮೀನನ್ನ ಇನ್ನೂ ಮರೀಲಿಲ್ಲ.