ಬೇಲಿ ಹಾಕಿ ಗಿಡ ಎಣಿಸಿದ್ದು

ಮೇಯುವುದು ನಿಂತರೆ ಸಾಕು, ಕಾಡಿನ ನೆಲದಲ್ಲಿ ಬಗೆಬಗೆಯ ಗಿಡಗಳು ತಾವಾಗಿ ಬರುತ್ತವೆ ಎಂದೇ ನಾನೂ ನಂಬಿದ್ದೆ. ನೋಡಿಯೇ ಬಿಡೋಣ ಎಂದು 16 ತುಂಡು ಜಾಗ ಗುರುತು ಮಾಡಿದೆ. ಒಂದೊಂದೂ 10 ಮೀಟರ್ ಉದ್ದ, 10 ಮೀಟರ್ ಅಗಲ. ಎಂಟು ದಟ್ಟ ನೆರಳಿನಲ್ಲಿ, ಎಂಟು ಮರ ಬಿದ್ದು ಬಿಸಿಲು ಇಳಿಯುವ ಕಡೆ. ಎರಡೂ ಕಡೆ ಅರ್ಧಕ್ಕೆ ಬೇಲಿ. ಬೇಲಿಯ ಒಳಗೂ ಹೊರಗೂ ಅರ್ಧದಷ್ಟು ತುಂಡುಗಳಿಗೆ ಸಾರಜನಕ.

ಕಾಡಿಗೆ ಸಾರಜನಕ ಯಾಕೆ ಅಂತೀರಾ? ವಾಹನದ ಹೊಗೆಯಿಂದ ನೈಟ್ರೋಜನ್ ಆಕ್ಸೈಡ್, ಸಗಣಿ, ಗಂಜಲ, ಗೊಬ್ಬರದಿಂದ ಅಮೋನಿಯಾ ಗಾಳಿಗೆ ಸೇರಿ ಮಳೆಯ ಜೊತೆ ಇಳಿಯುತ್ತವೆ. ಯಾರೂ ಗೊಬ್ಬರ ಹಾಕದ ಕಾಡಿಗೂ ಗೊಬ್ಬರ ಬೀಳುತ್ತಲೇ ಇರುತ್ತದೆ. ನಾನು ವರ್ಷಕ್ಕೆ ಹೆಕ್ಟೇರಿಗೆ 50 ಕಿಲೋ ಲೆಕ್ಕ ಹಿಡಿದೆ. ಜಾಸ್ತಿಯೇ, ಆದರೆ ಫಲ ಬೇಗ ಕಾಣಬೇಕಿತ್ತು. ಅಂದರೆ ಚದರ ಮೀಟರಿಗೆ 5 ಗ್ರಾಂ. ಯೂರಿಯಾದಲ್ಲಿ ಸಾರಜನಕ 46% ಇರುವುದರಿಂದ ಒಂದು ತುಂಡಿಗೆ ಸುಮಾರು 1,090 ಗ್ರಾಂ ಯೂರಿಯಾ ಬೇಕು.

ಮೊದಲ ಸಲ ಕಾಳನ್ನು ಹಾಗೇ ಎರಚಿದೆ. ದೊಡ್ಡ ತಪ್ಪು. ಮಳೆ ಬರಲಿಲ್ಲ, ಒಂದಷ್ಟು ಅಮೋನಿಯಾ ಆಗಿ ಹಾರಿಹೋಗಿರಬೇಕು. ಅದಕ್ಕಿಂತ ಭಯದ ವಿಷಯ, ಬೇಲಿ ಇಲ್ಲದ ಕಡೆ ದನವೋ ಜಿಂಕೆಯೋ ಬಂದು ನೆಕ್ಕಬಹುದಿತ್ತು. ಮೆಲುಕು ಹಾಕುವ ಪ್ರಾಣಿಗೆ ಒಮ್ಮೆಲೇ ಅಷ್ಟು ಯೂರಿಯಾ ಹೋದರೆ ವಿಷ. ಆಮೇಲಿಂದ ನೀರಿನಲ್ಲಿ ಕರಗಿಸಿ, ವರ್ಷದಲ್ಲಿ ಹಲವು ಕಂತುಗಳಲ್ಲಿ ಹಾಕಿದೆ. ಉಳಿದ ತುಂಡುಗಳಿಗೆ ಅಷ್ಟೇ ನೀರು, ಸುಮ್ನೆ ಬರೀ ನೀರು.

ಬೇಲಿಯಲ್ಲೂ ಪೆಟ್ಟು ತಿಂದೆ. ಎತ್ತರ ಸರಿಯಿತ್ತು, ಬುಡದಲ್ಲಿ ಸಂದಿ ಉಳಿದಿತ್ತು. ಒಂದು ದಿನ ಒಳಗೆ ಮೊಲದ ಹಿಕ್ಕೆ! ಜಾಲರಿಯ ಕೆಳ ಅಂಚನ್ನು ಹೊರಕ್ಕೆ ಮಡಚಿ ನೆಲಕ್ಕೆ ಗೂಟ ಹೊಡೆದ ಮೇಲೆ ಕಾಟ ತಪ್ಪಿತು.

ಎಣಿಕೆಗೆ ಒಂದು ಮೀಟರಿನ ಚೌಕಟ್ಟು, ತುಂಡಿಗೆ ನಾಲ್ಕು ಕಡೆ, ಪ್ರತಿ ವರ್ಷ ಅದೇ ವಾರ.

ದಟ್ಟ ನೆರಳಿನಲ್ಲಿ ಯೂರಿಯಾ ಹಾಕಿದರೂ ಹಾಕದಿದ್ದರೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಗಿಡಗಳಿಗೆ ಕೊರತೆ ಇದ್ದದ್ದು ಬೆಳಕಿನದು. ಬಿಸಿಲಿನ ಕಡೆ ಮೂರನೇ ವರ್ಷ ನೋಡಿದರೆ, ಬೇಲಿಯೊಳಗೆ ಸಾರಜನಕ ಉಂಡ ಜಾಗದಲ್ಲಿ ತುರಿಕೆ ಗಿಡವೂ ಮುಳ್ಳಿನ ಬಳ್ಳಿಯೂ ಸೊಂಟದೆತ್ತರ. ಅವುಗಳ ಬುಡದಲ್ಲಿ ಸಣ್ಣ ಗಿಡಗಳೇ ಮಾಯ. ಬರೀ ಬೇಲಿ ಇದ್ದ ಕಡೆ ಮಾತ್ರ ನಾನು ಅಂದುಕೊಂಡಂತೆ ಮರದ ಸಸಿಗಳು ಎದ್ದಿದ್ದವು.

ಬೇಲಿಯ ಹೊರಗೆ ಕತೆಯೇ ಬೇರೆ. ಸಾರಜನಕ ಉಂಡ ಎಲೆಯಲ್ಲಿ ಪ್ರೋಟೀನ್ ಜಾಸ್ತಿ, ಪ್ರಾಣಿಗಳು ಅದನ್ನೇ ಹುಡುಕಿ ಕಚ್ಚಿದ್ದವು. ಎತ್ತರದವು ತಗ್ಗಿದ್ದರಿಂದ ನೆಲಕ್ಕೆ ಬೆಳಕು ಸಿಕ್ಕಿ ಸಣ್ಣವು ಬದುಕಿದ್ದವು. ಸಸಿಗಳು ಮಾತ್ರ ಮೊಣಕಾಲು ದಾಟಿರಲಿಲ್ಲ. ಬಾಯಿ ಹಾಕದ ಜರಿಗಿಡಗಳು ಹರಡಿದ್ದವು. ಎಷ್ಟು ಜಾತಿ ಎಂದು ಮಾತ್ರ ಬರೆದುಕೊಂಡಿದ್ದರೆ ಇದೊಂದೂ ತಿಳಿಯುತ್ತಿರಲಿಲ್ಲ. ಮೊದಲ ವರ್ಷ ನಾನು ಬರೆದುಕೊಂಡದ್ದು ಅಷ್ಟೇ!

ಒಂದು ತುಂಡು ಮಾತ್ರ ತಲೆ ಕೆಡಿಸಿತು. ಬೇಲಿ ಇಲ್ಲ, ಯೂರಿಯಾ ಇಲ್ಲ, ಆದರೂ ತುರಿಕೆ ಗಿಡ ತುಂಬಿತ್ತು. ಆಮೇಲೆ ಗೊತ್ತಾಯಿತು, ಪಕ್ಕದ ಮರದಡಿಯೇ ದನಗಳು ಮಧ್ಯಾಹ್ನ ಮಲಗುವ ಜಾಗ. ಬೇರೆಲ್ಲೋ ಮೇಯ್ದು ಬಂದು ಇಲ್ಲಿ ಸಗಣಿ, ಗಂಜಲ ಹಾಕುತ್ತಿದ್ದವು. ಈಗ ಗೂಟ ನೆಡುವ ಮೊದಲು ಸಗಣಿ ಎಣಿಸುತ್ತೇನೆ.