ಕೊನೆಗೆ ಏನು ಹಾಕಿದಿರಿ?

ಪ್ರವಾಸದಲ್ಲಿ ಎಲ್ಲಾದರೂ ಊಟ ತುಂಬಾ ಹಿಡಿಸಿ, ಮನೆಯಲ್ಲೂ ಮಾಡಬೇಕು ಅನ್ನಿಸಿದರೆ ನಾನು ರೆಸಿಪಿ ಕೇಳುವುದಿಲ್ಲ. ಅಡಿಗೆ ಮಾಡಿದವರು ಮಾತಿಗೆ ಸಿಕ್ಕರೆ ಕೇಳುವುದು ಒಂದೇ ಪ್ರಶ್ನೆ. ಒಲೆಯಿಂದ ಇಳಿಸುವಾಗ ಕೊನೆಗೆ ಏನು ಹಾಕಿದಿರಿ? ರೆಸಿಪಿ ಕೇಳಿದರೆ ಜನ ಸಾಮಾನಿನ ಪಟ್ಟಿ ಹೇಳುತ್ತಾರೆ, ಅದು ಎಲ್ಲಿ ಬೇಕಾದರೂ ಸಿಗುತ್ತದೆ. ಕೊನೆಗೆ ಹಾಕಿದ್ದೇನು ಅಂತ ಕೇಳಿದರೆ ಒಂದು ಕ್ಷಣ ಯೋಚಿಸುತ್ತಾರೆ, ಯಾಕೆಂದರೆ ಆ ಕೆಲಸವನ್ನು ಅವರ ಕೈ ತಾನಾಗಿಯೇ ಮಾಡಿಬಿಟ್ಟಿರುತ್ತದೆ. ಒಂದಿಷ್ಟು ನಿಂಬೆರಸ, ಒಂದು ಚಮಚ ಎಣ್ಣೆ, ಒಂದು ಹಿಡಿ ಹಸಿ ಸೊಪ್ಪು. ಭಾಷೆ ಬಾರದ ಕಡೆ ಪಾತ್ರೆ ತೋರಿಸಿ, ಚಿಟಿಕೆ ಉದುರಿಸುವ ಹಾಗೆ ಕೈ ಮಾಡಿದರೂ ಸಾಕು, ಅರ್ಥವಾಗುತ್ತದೆ.

ಇನ್ನೊಂದು ಕೆಲಸ ತಿನ್ನುವಾಗಲೇ ಆಗಬೇಕು. ಫೋಟೋ ತೆಗೆಯುವ ಬದಲು ಎರಡು ಸಾಲು ಬರೆದುಕೊಳ್ಳುತ್ತೇನೆ. ಬಾಯಿಗೆ ಮೊದಲು ಬಂದದ್ದು ಹುಳಿಯೋ ಉಪ್ಪೋ, ಹಲ್ಲಿಗೆ ಸಿಕ್ಕಿದ್ದು ಮೆತ್ತಗಿತ್ತೋ ಗರಿಗರಿಯೋ, ಬಟ್ಟಲು ಬಿಸಿ ಇತ್ತೋ ಇಲ್ಲವೋ, ಹೊರಗೆ ಚಳಿ ಇತ್ತೋ. ಕೊನೆಯದು ಸುಮ್ನೆ ಬರೆಯುವುದಲ್ಲ. ನಾಲಿಗೆ ಎಲ್ಲಾ ಜಾಗದಲ್ಲೂ ಒಂದೇ ಥರ ಕೆಲಸ ಮಾಡುವುದಿಲ್ಲ. ವಿಮಾನವನ್ನೇ ನೋಡಿ, ಒಳಗಿನ ಗಾಳಿಯ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದಲ್ಲಿ ಇರುವಷ್ಟೇ ಇರುತ್ತದೆ, ಗಾಳಿ ಒಣಗಿರುತ್ತದೆ, ಎಂಜಿನ್ ಸದ್ದು ಬೇರೆ. ಅಲ್ಲಿ ಉಪ್ಪು, ಸಿಹಿ ಎರಡೂ ಮಂಕಾಗುತ್ತವೆ, ಆದರೆ ಟೊಮೆಟೊ ರಸ ನೆಲದಲ್ಲಿ ಕುಡಿದಾಗಿನದಕ್ಕಿಂತ ಚೆನ್ನಾಗಿದೆ ಅನ್ನಿಸುತ್ತದೆ. ಅದನ್ನು ಮನೆಯಲ್ಲಿ ಕುಡಿದು ಬೇಜಾರು ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ, ಅಲ್ವಾ? ಬಂದರಿನ ಪಕ್ಕ ಆಗತಾನೇ ಹಿಡಿದು ಸುಟ್ಟು ಕೊಟ್ಟ ಮೀನನ್ನೂ ನಾನು ಮನೆಗೆ ತರಲು ಹೋಗುವುದಿಲ್ಲ. ಅದು ಅಲ್ಲೇ ಇರಲಿ. ಅದರ ಜೊತೆಗೆ ಕೊಟ್ಟ ಸುಟ್ಟ ತರಕಾರಿ ಮಾತ್ರ ಮನೆಗೆ ಬರುತ್ತದೆ.

ಮನೆಯಲ್ಲಿ ನಾನು ಜಾಸ್ತಿ ಸಲ ಮಾಡುವುದು ಬೆಟ್ಟದ ಮೇಲಿನ ಒಂದು ತಂಗುಮನೆಯಲ್ಲಿ ಉಂಡ ಕಾಳಿನ ಸೂಪ್. ದಿನವಿಡೀ ನಡೆದು ಒದ್ದೆಯಾಗಿ ಒಳಗೆ ಹೋದಾಗ ಬಡಿಸಿದ್ದು ಅದು. ಕೆಂಪು ಬೀನ್ಸ್ ಕಾಳು, ಕಂದಾದ ಈರುಳ್ಳಿ, ಟೊಮೆಟೊ, ಅಷ್ಟೇ. ಆದರೆ ಕಾಳಿನ ಸಿಪ್ಪೆ ಒಂದೂ ಒಡೆದಿರಲಿಲ್ಲ, ಒಳಗೆ ಮಾತ್ರ ಬೆಣ್ಣೆಯಂತೆ ಕರಗುತ್ತಿತ್ತು. ಅಡಿಗೆ ಮಾಡಿದ ಅಮ್ಮನನ್ನು ಕೇಳಿದೆ. ಉರಿ ಆರಿಸಿದ ಮೇಲೆ ಒಂದು ಚಮಚ ವಿನೆಗರ್ ಮತ್ತು ಹೆಚ್ಚಿದ ಹಸಿ ಸೊಪ್ಪು, ಅದೇ ಕೊನೆಯದು ಅಂದರು. ಬೆಳಿಗ್ಗೆಯಿಂದಲೇ ಸಣ್ಣ ಉರಿಯಲ್ಲಿ ಇಟ್ಟಿದ್ದೆ ಅಂತಲೂ ಹೇಳಿದರು. ಎತ್ತರಕ್ಕೆ ಹೋದಂತೆ ಪ್ರತಿ 300 ಮೀಟರ್‌ಗೆ ನೀರು ಕುದಿಯುವ ಬಿಸಿ ಹೆಚ್ಚುಕಡಿಮೆ 1 ಡಿಗ್ರಿ ಇಳಿಯುತ್ತದೆ. 2,000 ಮೀಟರ್‌ನಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ. ಕಾಳು ಬೇಯಲು ಹೊತ್ತು ಬೇಕು, ಅವಸರ ಮಾಡಲು ಆಗುವುದೇ ಇಲ್ಲ. ಆ ಸೂಪಿನ ಗುಟ್ಟು ಅರ್ಧ ಅಲ್ಲೇ ಇತ್ತು.

ಹಾಗಾಗಿ ಮನೆಯಲ್ಲಿ ಇದಕ್ಕೆ ನಾನು ಕುಕ್ಕರ್ ಇಡುವುದಿಲ್ಲ. ಕುಕ್ಕರ್ ಒಳಗೆ ಬಿಸಿ 120 ಡಿಗ್ರಿ ಹತ್ತಿರ ಹೋಗುತ್ತದೆ, ಕಾಳು ಬೇಗ ಬೇಯುತ್ತದೆ ನಿಜ, ಆದರೆ ಸಿಪ್ಪೆ ಬಿರಿದು ಎಲ್ಲಾ ಹಿಟ್ಟು ಹಿಟ್ಟಾಗುತ್ತದೆ. ದಪ್ಪ ತಳದ ಪಾತ್ರೆ ಮತ್ತು ಒಂದು ಬಿಡುವಿನ ಮಧ್ಯಾಹ್ನ, ಇವೆರಡು ಬೇಕು. ಹಿಂದಿನ ರಾತ್ರಿ ಕಾಳು ನೆನೆಹಾಕುವಾಗ ಒಂದು ಲೀಟರ್ ನೀರಿಗೆ ಸುಮಾರು 15 ಗ್ರಾಂ ಉಪ್ಪು ಹಾಕಿ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಅನ್ನುವ ಮಾತು ಕೇಳಿರುತ್ತೀರಿ, ಅದನ್ನು ಬಿಟ್ಟುಬಿಡಿ. ಸಿಪ್ಪೆಯನ್ನು ಗಟ್ಟಿಯಾಗಿ ಹಿಡಿದಿಡುವುದು ಅದರಲ್ಲಿರುವ ಕ್ಯಾಲ್ಸಿಯಂ. ಉಪ್ಪಿನ ಸೋಡಿಯಂ ಆ ಜಾಗಕ್ಕೆ ಬಂದು ಕೂತರೆ ಸಿಪ್ಪೆ ಮೆದುವಾಗುತ್ತದೆ, ಬೇಯುವಾಗ ಒಡೆಯುವುದೂ ಕಡಿಮೆ. ಗಡಸು ನೀರಿನಲ್ಲಿ ಕಾಳು ಬೇಯದೆ ಸತಾಯಿಸುವುದಕ್ಕೂ ಕ್ಯಾಲ್ಸಿಯಂ ಒಂದು ಕಾರಣ. ನಿಮ್ಮ ನಲ್ಲಿಯ ನೀರು ಗಡಸಾಗಿದ್ದರೆ ಫಿಲ್ಟರ್ ನೀರು ಬಳಸಿ. ಚಿಟಿಕೆ ಅಡಿಗೆ ಸೋಡಾ ಹಾಕಿದರೂ ನಡೆಯುತ್ತದೆ, ಜಾಸ್ತಿ ಆದರೆ ಸೋಪಿನ ರುಚಿ ಬರುತ್ತದೆ.

ಬೆಳಿಗ್ಗೆ ಆ ನೀರು ಚೆಲ್ಲಿ, ಹೊಸ ನೀರು ಹಾಕಿ, ಮೊದಲ ಅರ್ಧ ಗಂಟೆ ಚೆನ್ನಾಗಿ ಕುದಿಸುತ್ತೇನೆ. ಇದನ್ನು ದಯವಿಟ್ಟು ಬಿಡಬೇಡಿ. ಕೆಂಪು ಬೀನ್ಸ್ ಕಾಳಿನಲ್ಲಿ ಲೆಕ್ಟಿನ್ ಅನ್ನುವ ವಿಷದ ಅಂಶ ಇದೆ. ಸರಿಯಾಗಿ ಕುದಿಸದಿದ್ದರೆ ವಾಂತಿ, ಹೊಟ್ಟೆನೋವು ಬರುತ್ತದೆ. ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ಅದು ಹೋಗುವುದಿಲ್ಲ, ಭರ್ಜರಿ ಕುದಿ ಬೇಕು. ಆಮೇಲೆ ಉರಿ ಸಣ್ಣ ಮಾಡಿ, ಆಗೊಂದು ಈಗೊಂದು ಗುಳ್ಳೆ ಬರುವ ಹಾಗೆ ಇಟ್ಟು ಮರೆತುಬಿಡಬಹುದು. ಟೊಮೆಟೊ ಈಗಲೇ ಬೇಡ. ಹುಳಿ ಬಿದ್ದರೆ ಕಾಳು ಅಲ್ಲಿಗೇ ನಿಂತುಬಿಡುತ್ತದೆ, ಪೂರ್ತಿ ಮೆತ್ತಗಾದ ಮೇಲೆ ಹಾಕಿ.

ಆ ಹೊತ್ತಿನಲ್ಲಿ ಪಕ್ಕದ ಒಲೆಯಲ್ಲಿ ಈರುಳ್ಳಿ. ನನಗೆ ತುಂಬಾ ಇಷ್ಟದ ಕೆಲಸ ಇದು. ಬಹಳ ರೆಸಿಪಿಗಳು ಈರುಳ್ಳಿ ಕಂದಾಗಲು 10 ನಿಮಿಷ ಅನ್ನುತ್ತವೆ. ಅಷ್ಟರಲ್ಲಿ ಬಣ್ಣ ಬಂದರೆ ಅದು ಸೀದ ಬಣ್ಣ. ತೆಳ್ಳಗೆ ಹೆಚ್ಚಿ, ಸ್ವಲ್ಪ ಉಪ್ಪು ಹಾಕಿ, ಸಣ್ಣ ಉರಿಯಲ್ಲಿ 40ರಿಂದ 45 ನಿಮಿಷ ಕೊಡಿ. ಮೊದಲು ನೀರು ಬಿಡುತ್ತದೆ, ಆಮೇಲೆ ಕುಗ್ಗುತ್ತದೆ, ಆಮೇಲೆ ನಿಧಾನಕ್ಕೆ ಬಣ್ಣ ತಿರುಗುತ್ತದೆ. ಈ ಕಂದು ಬಣ್ಣಕ್ಕೆ ದೊಡ್ಡ ಕಾರಣ ಮೈಯಾರ್ ಕ್ರಿಯೆ, ಅಂದರೆ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಬಿಸಿಗೆ ಸೇರಿ ಹೊಸ ರುಚಿ, ವಾಸನೆ ಕೊಡುವುದು. ಫ್ರಾನ್ಸಿನ ವಿಜ್ಞಾನಿ ಲೂಯಿ ಕಮಿಲ್ ಮೈಯಾರ್ 1912ರಲ್ಲಿ ಇದನ್ನು ವಿವರಿಸಿದ. ತಳಕ್ಕೆ ಅಂಟಿದ ಕಂದು ಪದರವನ್ನು ಉಜ್ಜಿ ತೊಳೆದುಬಿಡಬೇಡಿ. ಕಾಳು ಬೆಂದ ನೀರನ್ನು ಒಂದು ಸೌಟು ಹಾಕಿ ಕೆರೆದು ಬಿಡಿಸಿ, ಎಲ್ಲಾ ರುಚಿ ಅಲ್ಲೇ ಕೂತಿರುತ್ತದೆ.

ಇದೆಲ್ಲಾ ಸೇರಿ ಕುದಿಯುವಾಗ ನಾನು ಎರಡು ಒಣ ಅಣಬೆ ಹಾಕುತ್ತೇನೆ. ಆ ಅಮ್ಮ ಹಾಕಿರಲಿಲ್ಲ, ಇದು ನನ್ನ ಸೇರಿಕೆ. ಜಪಾನಿನ ವಿಜ್ಞಾನಿ ಕಿಕುನೆ ಇಕೆಡಾ 1908ರಲ್ಲಿ ಕಡಲ ಸೊಪ್ಪಿನ ಸಾರಿನಿಂದ ಗ್ಲುಟಮೇಟ್ ಅನ್ನುವ ಅಂಶ ಬೇರ್ಪಡಿಸಿ, ಬಾಯಿ ತುಂಬುವಂಥ ಅದರ ಗಾಢ ರುಚಿಗೆ ಉಮಾಮಿ ಅಂತ ಹೆಸರಿಟ್ಟರು. ಹಣ್ಣಾದ ಟೊಮೆಟೊದಲ್ಲಿ ಗ್ಲುಟಮೇಟ್ ಬೇಕಾದಷ್ಟಿದೆ. ಒಣ ಅಣಬೆಯಲ್ಲಿ ಅದರ ಜೊತೆಗೆ ಗ್ವಾನಿಲೇಟ್ ಅನ್ನುವ ಇನ್ನೊಂದು ಅಂಶವೂ ಇದೆ, ಎರಡೂ ಒಟ್ಟಿಗೆ ಬಿದ್ದರೆ ರುಚಿ ಎಷ್ಟೋ ಪಾಲು ಹೆಚ್ಚುತ್ತದೆ. ಮಾಂಸ, ಎಲುಬು ಏನೂ ಇಲ್ಲದೆ ಗಾಢವಾದ ಸೂಪ್ ಬರುವುದು ಹೀಗೆ.

ಉರಿ ಆರಿಸಿ. ಐದು ನಿಮಿಷ ಬಿಡಿ. ಈಗ ವಿನೆಗರ್, ಸೊಪ್ಪು. ಕುದಿಯುವಾಗಲೇ ಸೊಪ್ಪು ಹಾಕಿದರೆ ಅದರ ಪರಿಮಳ ಆವಿಯ ಜೊತೆ ಹಾರಿ ಅಡಿಗೆಮನೆ ಘಮ್ಮೆನ್ನುತ್ತದೆ, ಬಟ್ಟಲಿಗೆ ಏನೂ ಉಳಿಯುವುದಿಲ್ಲ. ಬಟ್ಟಲುಗಳಿಗೂ ಮೊದಲೇ ಬಿಸಿನೀರು ಹಾಕಿಟ್ಟು, ಚೆಲ್ಲಿ, ಒರೆಸಿ ಬಡಿಸಿ. ತಣ್ಣನೆ ಬಟ್ಟಲಿಗೆ ಬಿದ್ದ ಸೂಪ್ ನಾಲ್ಕು ಚಮಚ ಆಗುವಷ್ಟರಲ್ಲಿ ಆರಿಹೋಗುತ್ತದೆ. ನಾನು ಇದನ್ನು ಮಾಡುವುದು ಮಳೆ ಹಿಡಿದ ದಿನವೋ ಚಳಿ ಇರುವ ಸಂಜೆಯೋ ಮಾತ್ರ, ಮಧ್ಯಾಹ್ನ ಸರಿಯಾಗಿ ತಿನ್ನದೆ ಹಸಿವು ಉಳಿಸಿಕೊಂಡು. ಬೆಟ್ಟ ಹತ್ತುವುದು ಆಗದಿದ್ದರೆ ಸಂಜೆ ಒಂದು ಗಂಟೆ ನಡೆದು ಬಂದರೂ ಆಯಿತು. ಹಸಿವೂ ಚಳಿಯೂ ಆ ಅಡಿಗೆಯ ಸಾಮಾನುಗಳೇ ಅಂತ ನಾನು ನಂಬಿದ್ದೇನೆ.

ಸ್ವಲ್ಪ ಹೆಚ್ಚಿಗೆ ಮಾಡಿ, ಮರುದಿನ ಇನ್ನೂ ಚೆನ್ನಾಗಿರುತ್ತದೆ. ದೊಡ್ಡ ಪಾತ್ರೆಯಲ್ಲೇ ರಾತ್ರಿಯಿಡೀ ಹೊರಗೆ ಬಿಡಬೇಡಿ. ಅಗಲವಾದ ಚಿಕ್ಕ ಪಾತ್ರೆಗಳಿಗೆ ಹಾಕಿ ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಬೆಳಿಗ್ಗೆ ನೋಡಿದರೆ ಗಟ್ಟಿಯಾಗಿರುತ್ತದೆ. ಒಂದು ಲೋಟ ಬಿಸಿನೀರು ಹಾಕಿ ಚೆನ್ನಾಗಿ ಕುದಿಸಿ, ಉಪ್ಪು ಮತ್ತೊಮ್ಮೆ ನೋಡಿ, ವಿನೆಗರ್ ಇನ್ನರ್ಧ ಚಮಚ ಹಾಕಿ.